ಪ್ರಜೆಗಳ ಮುಂದೆ ಲೆಕ್ಕ ಒಪ್ಪಿಸಿದ ದಿವಾನರು: ಸಿ. ವಿ. ರಂಗಾಚಾರ್ಲು

ಕಾಯಕವೆಂದೊಡನೆ ನೇಗಿಲು, ಮಗ್ಗ, ಅಂಬಿಗನ ಹುಟ್ಟು, ಮಡಿವಾಳನ ಬಂಡೆ ಇವೇ ಮೊದಲು ಕಣ್ಣ ಮುಂದೆ ಬರುತ್ತವೆ. ಆದರೆ ಶರಣಧರ್ಮದಲ್ಲಿ ಕಾಯಕದ ವ್ಯಾಪ್ತಿ ಇಷ್ಟಕ್ಕೇ ನಿಲ್ಲುವುದಿಲ್ಲ. ಲೆಕ್ಕ ಬರೆಯುವುದೂ ಕಾಯಕವೇ; ಭಂಡಾರವನ್ನು ಕಾಯುವುದೂ ಕಾಯಕವೇ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಹಣವನ್ನು ಜಂಗಮರಿಗೆ ಸವೆಸುತ್ತಾರೆಂಬ ದೂರು ಬಂದಿತು. ಆಗ ಅವರು ಭಂಡಾರವನ್ನು ತೆರೆಯಿಸಿ ಲೆಕ್ಕವನ್ನು ಒಪ್ಪಿಸಿದರೆಂದೂ, ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲವೆಂದೂ ಪುರಾಣಗಳು ಸಾರುತ್ತವೆ. ಈ ಪ್ರಸಂಗವನ್ನು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋಗುವವರೇ ಬಹಳ. ಅದರೊಳಗಿನ ಧರ್ಮವಾದರೋ ಸರಳವಾದುದು. ಹಲವರ ಹಣ ಒಬ್ಬನ ಕೈಯಲ್ಲಿದ್ದಾಗ, ಕೇಳಿದೊಡನೆ ಬಾಗಿಲು ತೆರೆದು ತೋರಿಸುವ ನಿರ್ಭೀತಿ ಆತನಲ್ಲಿರಬೇಕು.

ಈ ಧರ್ಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಒಂದು ಸಂಸ್ಥಾನದ ಆಡಳಿತಕ್ಕೆ ಅಳವಡಿಸಲು ಯತ್ನಿಸಿದ ಮಹನೀಯರು ಮೈಸೂರಿನ ದಿವಾನ್ ಸಿ. ವಿ. ರಂಗಾಚಾರ್ಲು ಅವರು. ಅವರು ಹುಟ್ಟಿನಿಂದ ಶ್ರೀವೈಷ್ಣವರು, ತಮಿಳುನಾಡಿನಿಂದ ಬಂದವರು. ದಿವಾನರಾಗಿ ಅವರು ದುಡಿದದ್ದು ಎರಡು ವರ್ಷಗಳೂ ತುಂಬದಷ್ಟು ಅಲ್ಪಕಾಲ. ಆದರೂ ಒಳ್ಳೆಯ ಕಾಯಕ ಎಲ್ಲಿ ಕಂಡರೂ ಅದಕ್ಕೆ ಶರಣೆನ್ನುವುದು ನಮ್ಮ ಪರಂಪರೆಯಾದುದರಿಂದ, ಆ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಕೂಟ ಸೇರಿದ ರೈತರು

ರಂಗಾಚಾರ್ಲು ಅವರ ಕಾರ್ಯದ ಬೆಲೆಯನ್ನು ಅರಿಯಬೇಕಾದರೆ, ಅವರು ಹುಟ್ಟಿದ ೧೮೩೧ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನಕ್ಕೆ ಏನಾಯಿತೆಂಬುದನ್ನು ಮೊದಲು ತಿಳಿಯಬೇಕು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು ೧೮೧೧ರವರೆಗೆ ರಾಜ್ಯವನ್ನು ನಡೆಸಿ, ಖಜಾನೆಯನ್ನು ತುಂಬಿಸಿಟ್ಟು ವಿಶ್ರಾಂತರಾದರು. ಆ ಬಳಿಕ ಆದಾಯಕ್ಕಿಂತ ವೆಚ್ಚ ಹೆಚ್ಚಾಗಿ, ಹಣ ಸಂಗ್ರಹಿಸಲು ಶರತ್ತು ಎಂಬ ಪದ್ಧತಿ ಬಳಕೆಗೆ ಬಂದಿತು. ತನ್ನ ಸೀಮೆಯಿಂದ ಇಂತಿಷ್ಟು ಹಣವನ್ನು ತಂದೊಪ್ಪಿಸುವೆನೆಂದು, ಕಡಿಮೆ ಬಿದ್ದರೆ ತಾನೇ ತುಂಬಿಕೊಡುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ತಾನು ಕೈಯಿಂದ ತುಂಬುವ ಅಮಲ್ದಾರ ಯಾರಿದ್ದಾನು? ಆ ಭಾರವೆಲ್ಲವೂ ರೈತನ ಬೆನ್ನಿಗೆ ಬಿದ್ದಿತು.

ನಗರದ ಸೀಮೆಯಲ್ಲಿ ಈ ಸಂಕಟ ಮಿತಿಮೀರಿತು. ಅದು ಕೆಳದಿಯ ವೀರಶೈವ ಅರಸರು ಆಳಿದ ನಾಡು. ಶಿವಪ್ಪನಾಯಕನ ಶಿಸ್ತು ಎಂದು ಇಂದಿಗೂ ಹೆಸರಾಗಿರುವ ಕಂದಾಯದ ಕ್ರಮವನ್ನು ಕಂಡ ನಾಡು. ಭೂಮಿಯ ಗುಣಕ್ಕೆ ತಕ್ಕ ಕಂದಾಯವೆಂಬ ನ್ಯಾಯವನ್ನು ಅನುಭವಿಸಿದ್ದ ಒಕ್ಕಲುಮಕ್ಕಳು ಶರತ್ತಿನ ಸುಲಿಗೆಯನ್ನು ಎಷ್ಟು ಕಾಲ ತಾಳಿಯಾರು? ೧೮೩೦ರಲ್ಲಿ ಅವರು ಊರೂರಿನಲ್ಲಿ ಕೂಟ ಸೇರಿದರು. ಅವರ ಅಹವಾಲನ್ನು ಕೇಳಿ ನ್ಯಾಯ ದೊರಕಿಸುವ ಸ್ಥಾನವೊಂದು ಇಲ್ಲದೆ ಹೋದುದರಿಂದ ಕೂಟವು ದಂಗೆಯಾಯಿತು. ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅದರ ಮುಂದಾಳಾದನು. ಸೈನ್ಯ ಬಂದಿತು, ರಕ್ತ ಹರಿಯಿತು. ಅದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ ಅವರು ೧೮೩೧ರಲ್ಲಿ ರಾಜ್ಯಾಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡು ಇಂಗ್ಲಿಷ್ ಕಮೀಷನರರಿಗೆ ಒಪ್ಪಿಸಿದರು. ಅರಸು ಮನೆತನವು ಆಳ್ವಿಕೆಯನ್ನು ಮರಳಿ ಪಡೆಯಲು ಐವತ್ತು ವರ್ಷಗಳು ಬೇಕಾದವು. ರೈತನ ಮಾತನ್ನು ಸಕಾಲದಲ್ಲಿ ಕೇಳದೆ ಇದ್ದುದಕ್ಕೆ ತೆತ್ತ ಬೆಲೆ ಇಷ್ಟು ದೊಡ್ಡದು.

ಗುಮಾಸ್ತೆಯ ಮೇಜಿನಿಂದ ಅರಮನೆಗೆ

ಅದೇ ವರ್ಷ ಚೆಂಗಲ್ಪಟ್ಟು ಜಿಲ್ಲೆಯ ಒಂದು ಸಾಮಾನ್ಯ ಕುಟುಂಬದಲ್ಲಿ ರಂಗಾಚಾರ್ಲು ಅವರ ಜನನವಾಯಿತು. ತಂದೆ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಮಗನು ಮದರಾಸಿನಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಮಾಡಿ, ತಾನೂ ಸರ್ಕಾರದ ಕೆಳಗಿನ ಹುದ್ದೆಯಿಂದಲೇ ಜೀವನವನ್ನು ಆರಂಭಿಸಿದನು. ಕೆಳಗಿನಿಂದ ಏರಿ ಬಂದವನಿಗೆ ಒಂದು ಲಾಭವುಂಟು. ಹಣವು ಎಲ್ಲಿ ಸೋರುತ್ತದೆ, ಕಾಗದವು ಯಾರ ಮೇಜಿನ ಮೇಲೆ ಯಾವ ಕಾರಣಕ್ಕಾಗಿ ಮಲಗುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ರಂಗಾಚಾರ್ಲು ಅವರು ಇನ್ನೂ ತರುಣರಾಗಿದ್ದಾಗಲೇ ಕಂದಾಯ ಇಲಾಖೆಯ ಲಂಚಗುಳಿತನವನ್ನು ಕುರಿತು ಪುಸ್ತಿಕೆಯೊಂದನ್ನು ಬರೆದರು. ತಾನು ಅನ್ನ ತಿನ್ನುತ್ತಿರುವ ಇಲಾಖೆಯ ರೋಗವನ್ನು ತಾನೇ ಹೆಸರಿಟ್ಟು ಹೇಳುವುದು ಸಣ್ಣ ಧೈರ್ಯವಲ್ಲ. ಪರರ ಲೋಪವನ್ನು ಎತ್ತಿ ಆಡುವುದು ಸುಲಭ. ತನ್ನ ಮನೆಯ ಕಸವನ್ನು ತಾನೇ ಗುಡಿಸುವುದು ಕಷ್ಟ.

ಅನಂತರ ಅವರು ಮದರಾಸು ಪ್ರಾಂತದ ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದರು. ದೇವಸ್ಥಾನ, ಮಠ, ವಿದ್ವಾಂಸರು, ಗ್ರಾಮಸೇವಕರು ಮೊದಲಾದವರಿಗೆ ಹಿಂದಿನ ಅರಸರು ಬಿಟ್ಟುಕೊಟ್ಟಿದ್ದ ಭೂಮಿಗಳ ದಾಖಲೆಯನ್ನು ಪರಿಶೀಲಿಸಿ, ಹಕ್ಕನ್ನು ಸ್ಥಿರಪಡಿಸುವುದೇ ಆ ಕಮಿಷನ್ನಿನ ಕೆಲಸ. ಒಂದು ಕಡೆ ಸರ್ಕಾರದ ಹಿತ, ಇನ್ನೊಂದು ಕಡೆ ತಲೆತಲಾಂತರದಿಂದ ಅನುಭವಿಸಿಕೊಂಡು ಬಂದವರ ಹಿತ. ಈ ಎರಡರ ನಡುವೆ ತಕ್ಕಡಿಯನ್ನು ಸಮನಾಗಿ ಹಿಡಿಯುವ ಅಭ್ಯಾಸ ಅವರಿಗೆ ಅಲ್ಲಿ ಆಯಿತು. ಮುಂದೆ ಅವರು ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರಾದರು.

೧೮೬೮ರ ಮಾರ್ಚ್ ತಿಂಗಳಲ್ಲಿ ಮುಮ್ಮಡಿಯವರು ದೈವಾಧೀನರಾದರು. ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರವರು ಆಗ ಐದು ವರ್ಷದ ಶಿಶು. ಅರಮನೆಯ ಆಸ್ತಿಯೆಷ್ಟು, ಸಾಲವೆಷ್ಟು, ಆಭರಣಗಳೆಷ್ಟು ಎಂಬ ಲೆಕ್ಕ ಆಗಬೇಕಾಗಿದ್ದಿತು. ಈ ಕೆಲಸಕ್ಕೆ ನೇಮಕಗೊಂಡ ಮೇಜರ್ ಎಲಿಯಟ್ ಅವರಿಗೆ ಸಹಾಯಕರಾಗಿ ರಂಗಾಚಾರ್ಲು ಅವರು ಮೈಸೂರಿಗೆ ಬಂದರು; ಬಳಿಕ ಅರಮನೆಯ ಕಂಟ್ರೋಲರ್ ಆದರು. ದೊಡ್ಡ ಯಜಮಾನನು ತೀರಿಕೊಂಡ ಮನೆಯಲ್ಲಿ ಸಾಲಗಾರರು, ಆಶ್ರಿತರು, ಬಂಧುಗಳು, ನಿಜವಾದ ಹಕ್ಕುದಾರರು, ಹುಸಿ ಹಕ್ಕುದಾರರು ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಯಾರದು ಸತ್ಯ, ಯಾರದು ಸುಳ್ಳೆಂದು ವಿಂಗಡಿಸುವುದೂ, ಬೆಳೆದುನಿಂತ ಊಳಿಗದವರ ಪಡೆಯನ್ನು ಹಿಡಿತಕ್ಕೆ ತರುವುದೂ ಯಾರ ಪ್ರೀತಿಯನ್ನೂ ಗಳಿಸಿಕೊಡುವ ಕೆಲಸವಲ್ಲ. ರಂಗಾಚಾರ್ಲು ಅವರು ಅದನ್ನು ಮಾಡಿದರು. ಅರಮನೆಯ ಖರ್ಚು ಬೇರೆ, ರಾಜ್ಯದ ಬೊಕ್ಕಸ ಬೇರೆ ಎಂಬ ವಿವೇಕವು ಮುಂದಿನ ಅವರ ಕಾರ್ಯಕ್ಕೆಲ್ಲ ತಳಹದಿಯಾಯಿತು.

೧೮೭೪ರಲ್ಲಿ ಅವರು ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸಿ ಇಂಗ್ಲಿಷಿನಲ್ಲಿ ಬರೆದ ಪುಸ್ತಿಕೆ ಲಂಡನ್ನಿನಲ್ಲಿ ಅಚ್ಚಾಯಿತು. ಹೆಚ್ಚು ಸಂಬಳದ ಯೂರೋಪಿಯನ್ ಅಧಿಕಾರಿಗಳ ಸಂಖ್ಯೆಯನ್ನು ಬೆಳೆಸುತ್ತ ಹೋದರೆ ಬಡರಾಜ್ಯವು ಆ ಭಾರವನ್ನು ಹೊರಲಾರದೆಂದೂ, ದೇಶದ ಜನರನ್ನೇ ಜವಾಬ್ದಾರಿಯ ಸ್ಥಾನಗಳಿಗೆ ತರಬೇಕೆಂದೂ ಅವರ ವಾದ. ಆದರೆ ಹಳೆಯ ಅರಸೊತ್ತಿಗೆಯು ಹಳೆಯ ರೀತಿಯಲ್ಲಿಯೇ ಮರಳಲೆಂದು ಅವರು ಬಯಸಲಿಲ್ಲ. ಅರಸನ ಇಚ್ಛೆಯೇ ಕಾನೂನಾಗಬಾರದು, ಅರಸನನ್ನೂ ಕಟ್ಟುವ ನಿಯಮಗಳಿರಬೇಕು, ಆಗಲೇ ಸ್ವದೇಶೀ ಆಳ್ವಿಕೆ ಬಾಳುತ್ತದೆಂಬುದು ಅವರ ಅಭಿಪ್ರಾಯ. ಪರಕೀಯರ ಆಡಳಿತದಲ್ಲಿ ಕಂಡ ಕ್ರಮವನ್ನು ಅವರು ಬಿಡಲಿಲ್ಲ. ತಮ್ಮವರ ಆಳ್ವಿಕೆಯ ಹಳೆಯ ದೋಷವನ್ನು ಮುಚ್ಚಲೂ ಇಲ್ಲ.

ಕ್ಷಾಮದ ನೆರಳಿನಲ್ಲಿ

ಅಷ್ಟರಲ್ಲಿ ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮವು ಬಂದೆರಗಿತು. ೧೮೭೧ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ೫೦ ಲಕ್ಷ ೫೫ ಸಾವಿರ. ೧೮೮೧ರಲ್ಲಿ ಅದು ೪೧ ಲಕ್ಷ ೮೬ ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನರಷ್ಟು ಕುಗ್ಗಿತು. ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವವರೇ ಉಳಿಯಲಿಲ್ಲ. ಖಜಾನೆ ಬರಿದಾಗಿ, ಭಾರತ ಸರ್ಕಾರಕ್ಕೆ ೮೦ ಲಕ್ಷ ರೂಪಾಯಿಗಳ ಸಾಲ ನಿಂತಿತು.

ಇಂಥ ಸ್ಥಿತಿಯಲ್ಲಿ ೧೮೮೧ರ ಮಾರ್ಚ್ ೨೫ರಂದು, ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯಾಧಿಕಾರವು ಮರಳಿ ಬಂದಿತು. ೧೮೭೯ರಲ್ಲಿ ಚೀಫ್ ಕಮೀಷನರರ ಕಂದಾಯ ಕಾರ್ಯದರ್ಶಿಯಾಗಿ ರಾಜ್ಯದ ಆಯವ್ಯಯವನ್ನು ಅರಿತಿದ್ದ ರಂಗಾಚಾರ್ಲು ಅವರು ದಿವಾನರಾಗಿ ನೇಮಕಗೊಂಡರು. ಆಗ ಅವರಿಗೆ ಐವತ್ತು ವರ್ಷ. ಸಂಸ್ಥಾನವು ಅಧಿಕಾರವನ್ನು ಕಳೆದುಕೊಂಡ ವರ್ಷ ಹುಟ್ಟಿದವರು, ಅಧಿಕಾರ ಮರಳಿದ ವರ್ಷ ಅದರ ಭಾರವನ್ನು ಹೊತ್ತರು.

ಭಾರವಾದರೋ ಕಡಿಮೆಯದಲ್ಲ. ರಾಜ್ಯದ ವರಮಾನ ಸುಮಾರು ಒಂದು ಕೋಟಿ ರೂಪಾಯಿ. ಅದರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು ೩೫ ಲಕ್ಷಕ್ಕೆ ಏರಿಸಬೇಕೆಂದು ಗೊತ್ತಾಗಿದ್ದಿತು. ಕ್ಷಾಮವನ್ನು ನೋಡಿ ಆ ಏರಿಕೆಯನ್ನು ಐದು ವರ್ಷಗಳ ಮಟ್ಟಿಗೆ ಮುಂದೂಡಿದ್ದರು. ಸಾಲದ ಬಡ್ಡಿ ಬೇರೆ. ಈ ಪ್ರಯೋಗ ಕೆಟ್ಟರೆ ಅಧಿಕಾರ ಮತ್ತೆ ಪರರ ಪಾಲಾಗುವ ಭಯವಿದ್ದೇ ಇದ್ದಿತು. ಬೇರೆ ದೇಶೀಯ ಸಂಸ್ಥಾನಗಳ ದೃಷ್ಟಿಯೂ ಮೈಸೂರಿನ ಮೇಲೆ ನೆಟ್ಟಿದ್ದಿತು.

ಇಂಥ ಸಮಯದಲ್ಲಿ ಹಣ ತರುವ ಮಾರ್ಗ ಎರಡು. ಒಂದು, ಹಸಿದ ರೈತನನ್ನು ಇನ್ನೂ ಹಿಂಡುವುದು. ಇನ್ನೊಂದು, ಆಳುವವರ ಮನೆಯ ವೆಚ್ಚವನ್ನು ಇಳಿಸುವುದು. ಶರತ್ತಿನ ಕಾಲದಲ್ಲಿ ಮೊದಲನೆಯ ಮಾರ್ಗವನ್ನು ಹಿಡಿದುದರ ಫಲವನ್ನು ನಾಡು ಕಂಡಿದ್ದಿತು. ರಂಗಾಚಾರ್ಲು ಅವರು ಎರಡನೆಯದನ್ನು ಹಿಡಿದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ, ಚಿತ್ರದುರ್ಗಗಳು ೧೮೮೨ರಲ್ಲಿ ಉಪವಿಭಾಗಗಳಾದವು. ಹುದ್ದೆಗಳನ್ನು ಕೂಡಿಸಿದರು, ಕಚೇರಿಗಳನ್ನು ಕಡಿಮೆ ಮಾಡಿದರು. ಆದರೆ ಉಳಿತಾಯವೆಂದರೆ ಕೈಕಟ್ಟಿ ಕೂಡುವುದೆಂದು ಅವರು ತಿಳಿಯಲಿಲ್ಲ. ಕ್ಷಾಮಕಾಲದಲ್ಲಿ ಆರಂಭವಾಗಿದ್ದ ಬೆಂಗಳೂರು–ಮೈಸೂರು ರೈಲುಮಾರ್ಗವು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಮಳೆ ಹೋದ ಸೀಮೆಗೆ ಧಾನ್ಯವನ್ನು ಹೊತ್ತು ತರುವ ದಾರಿಯಿಲ್ಲದೆ ಜನ ಸತ್ತುದನ್ನು ನೋಡಿದವರಿಗೆ ರೈಲು ವೈಭವದ ವಸ್ತುವಾಗಿ ಕಾಣಲಿಲ್ಲ. ಅನ್ನದ ದಾರಿಯಾಗಿ ಕಂಡಿತು. ಕೃಷಿಯೊಂದನ್ನೇ ನಂಬಿದ ನಾಡು ಮಳೆಯ ಕೈಯೊಳಗಿನ ಆಟದ ಬೊಂಬೆ. ಕೈಗಾರಿಕೆಗಳೂ ಅದರ ಸಮಕ್ಕೆ ಬೆಳೆಯಬೇಕೆಂದು ಅವರು ಜನರಿಗೆ ತಿಳಿಯಹೇಳಿದರು.

ಪ್ರಜಾಪ್ರತಿನಿಧಿ ಸಭೆ

ಇವೆಲ್ಲಕ್ಕಿಂತ ಮಿಗಿಲಾದ ಅವರ ಕಾರ್ಯ ಇನ್ನೊಂದುಂಟು. ಅಧಿಕಾರ ಮರಳಿದ ಐದು ತಿಂಗಳಿಗೇ, ೧೮೮೧ರ ಆಗಸ್ಟ್ ೨೫ರಂದು, ಮಹಾರಾಜರ ಅಪ್ಪಣೆಯಿಂದ ಒಂದು ಸರ್ಕಾರೀ ಆಜ್ಞೆ ಹೊರಟಿತು. ಅದರಂತೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಒಕ್ಕಲುತನದ ಭೂಮಾಲಿಕರೂ, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರೂ ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರತಕ್ಕುದು. ದಿವಾನರು ಹಿಂದಿನ ವರ್ಷದ ಆಡಳಿತದ ವಿವರವನ್ನೂ ಮುಂದಿನ ಉದ್ದೇಶಗಳನ್ನೂ ಅವರ ಮುಂದೆ ಇಡತಕ್ಕುದು. ಅವರ ಅಹವಾಲುಗಳನ್ನು ಕೇಳತಕ್ಕುದು.

ಆ ವರ್ಷದ ಅಕ್ಟೋಬರ್ ೭ರಂದು ಮೊದಲ ಸಭೆ ಕೂಡಿತು. ೧೪೪ ಪ್ರತಿನಿಧಿಗಳು ಬಂದಿದ್ದರು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದ್ದು ಇದಾದ ನಾಲ್ಕು ವರ್ಷಗಳ ಮೇಲೆ, ೧೮೮೫ರಲ್ಲಿ. ಅಲ್ಲಿಯವರೆಗೆ ದಸರೆಗೆ ಬರುವ ರೈತನು ಆನೆ, ಅಂಬಾರಿ, ದೀಪಗಳನ್ನು ನೋಡಿ, ದೂರದಿಂದ ಕೈಮುಗಿದು ಹಿಂದಿರುಗುತ್ತಿದ್ದನು. ಈಗ ಅವನ ಸೀಮೆಯ ಪ್ರತಿನಿಧಿ ಕುಳಿತುಕೊಂಡನು. ರಾಜ್ಯದ ಅತ್ಯುನ್ನತ ಅಧಿಕಾರಿಯು ನಿಂತು, ಇಷ್ಟು ಬಂದಿತು, ಇಷ್ಟು ಹೋಯಿತು, ಇಂಥದಕ್ಕೆ ಹೋಯಿತು ಎಂದು ಅವನಿಗೆ ಹೇಳಿದನು. ನಗರದ ರೈತರು ೧೮೩೦ರಲ್ಲಿ ಕಾಡಿನಂಚಿನಲ್ಲಿ ಕೂಟ ಸೇರಿ ಕೂಗಿದರೂ ದೊರೆಯದೆ ಹೋದ ಕಿವಿ, ಅರ್ಧ ಶತಮಾನದ ಬಳಿಕ ಅವರ ಮೊಮ್ಮಕ್ಕಳ ಕಾಲಕ್ಕೆ ದೊರೆಯಿತು. ಮಲೆನಾಡು, ಬಯಲುಸೀಮೆಗಳಲ್ಲಿ ಬೇಸಾಯವನ್ನೂ ವ್ಯಾಪಾರವನ್ನೂ ಕಾಯಕವಾಗಿ ನಡೆಸಿಕೊಂಡು ಬಂದಿದ್ದ ಮನೆತನಗಳಿಗೆ ಹುಜೂರಿನ ಬಾಗಿಲು ತೆರೆದಂತಾಯಿತು.

ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ; ಕಂದಾಯವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಕೇಳುವುದು, ಹೇಳುವುದು ಇಷ್ಟೇ. ಇದರಿಂದೇನು ಬಂತೆಂದು ಹಗುರವಾಗಿ ಎಣಿಸಬಾರದು. ವರ್ಷಕ್ಕೊಮ್ಮೆ ನೂರಾರು ಜನರ ಮುಂದೆ ಉತ್ತರ ಕೊಡಬೇಕೆಂದು ತಿಳಿದ ಅಧಿಕಾರಿಯ ಕೈ ಉಳಿದ ದಿನಗಳಲ್ಲಿಯೂ ಅಂಜುತ್ತದೆ. ಅಮಲ್ದಾರನ ಅನ್ಯಾಯ ತಾಲ್ಲೂಕಿನ ಗಡಿಯೊಳಗೆ ಹೂತುಹೋಗದೆ ದಿವಾನರ ಕಿವಿಗೆ ಬೀಳುವ ದಾರಿಯೊಂದಾಯಿತು. ಆಡಳಿತದ ಸುಧಾರಣೆಯೆಂದರೆ ಹೊಸ ನಮೂನೆಯ ಕಾಗದಗಳು, ಹೊಸ ಹುದ್ದೆಗಳು ಎಂದು ತಿಳಿದವರುಂಟು. ರಂಗಾಚಾರ್ಲು ಅವರು ಬದಲಿಸಿದ್ದು ಮುಖ್ಯವಾಗಿ ಲೆಕ್ಕ ಹೋಗುವ ದಿಕ್ಕನ್ನು. ಆವರೆಗೆ ಲೆಕ್ಕವು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತಿದ್ದಿತು: ರೈತನು ಶಾನುಭೋಗನಿಗೆ, ಶಾನುಭೋಗನು ಅಮಲ್ದಾರನಿಗೆ, ಅವನು ಹುಜೂರಿಗೆ. ಈಗ ಅದು ಮೇಲಿನಿಂದ ಕೆಳಕ್ಕೂ ಬರತೊಡಗಿತು.

ಉಳಿದ ಕೊರತೆಗಳು

ಮಹನೀಯರ ಚರಿತ್ರೆಯನ್ನು ಬರೆಯುವಾಗ ಕೊರತೆಗಳನ್ನು ಮರೆಮಾಡುವುದು ಭಕ್ತಿಯಲ್ಲ. ಜಿಲ್ಲೆಗಳ ಇಳಿತವು ಬಾಳಲಿಲ್ಲ. ಹಣ ಉಳಿಸುವುದಕ್ಕಾಗಿ ಕಚೇರಿಯನ್ನು ಜನರಿಂದ ದೂರ ಮಾಡಿದರೆ ಜನರಿಗೆ ಅದೇ ಒಂದು ತೆರಿಗೆಯಾಗುತ್ತದೆ. ೧೮೮೬ರಲ್ಲಿ ಹಾಸನ, ಚಿತ್ರದುರ್ಗಗಳು ಮತ್ತೆ ಜಿಲ್ಲೆಗಳಾದವು. ದೊಡ್ಡ ಹುದ್ದೆಗಳಿಗೆ ಮದರಾಸಿನವರೇ ಬರುತ್ತಾರೆ, ನಾಡಿನವರಿಗೆ ಅವಕಾಶವಿಲ್ಲವೆಂಬ ಅಸಮಾಧಾನವು ಆ ಕಾಲದಲ್ಲಿ ಮೊಳೆತು, ಮುಂದೆ ಬಹುಕಾಲ ಬೆಳೆಯಿತು. ಸಭೆಯಲ್ಲಿ ಕುಳಿತವರಾದರೂ ಉಳ್ಳವರು. ಕೂಲಿಯವನಿಗೂ ಕುಶಲಕರ್ಮಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಸ್ಥಾನವಿರಲಿಲ್ಲ. ಅಂಬಿಗ, ಮಡಿವಾಳ, ಮಾದಾರ ಮೊದಲಾದ ಸಮಸ್ತ ಕಾಯಕದವರೂ, ಅಕ್ಕಮಹಾದೇವಿಯಂಥ ಶರಣೆಯರೂ ಸಮಾನವಾಗಿ ಕುಳಿತ ಅನುಭವಮಂಟಪವನ್ನು ನೆನೆಯುವವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಅನುಭವಮಂಟಪವು ಆತ್ಮವಿಚಾರಕ್ಕಾಗಿ ಕೂಡಿದ್ದು, ಇದು ರಾಜ್ಯವಿಚಾರಕ್ಕಾಗಿ ಕೂಡಿದ್ದು. ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೂ ಬಾಯಿಲ್ಲದವನಿಗೆ ಬಾಯಿ ಕೊಡುವ ಅಂಶದಲ್ಲಿ ಹೊಸದು ಹಳೆಯದರಿಂದ ಕಲಿಯಬೇಕಾದುದು ಬಹಳವಿದ್ದಿತು.

ಕೊರತೆಯನ್ನು ತುಂಬುವಷ್ಟು ಆಯುಸ್ಸು ಅವರಿಗೆ ಇರಲಿಲ್ಲ. ೧೮೮೨ರ ಸಭೆಯನ್ನು ನಡೆಸಿದ ಕೆಲವೇ ತಿಂಗಳುಗಳಲ್ಲಿ, ೧೮೮೩ರ ಜನವರಿ ೨೦ರಂದು, ಮದರಾಸಿನಲ್ಲಿ ಅವರು ದೇಹವನ್ನು ಬಿಟ್ಟರು. ದಿವಾನಗಿರಿ ನಡೆದದ್ದು ಇಪ್ಪತ್ತೆರಡು ತಿಂಗಳು. ಅವರು ಮೈಸೂರಿಗೆ ಕರೆತಂದಿದ್ದ ಕೆ. ಶೇಷಾದ್ರಿ ಅಯ್ಯರ್ ಅವರೇ ಮುಂದಿನ ದಿವಾನರಾಗಿ ೧೯೦೧ರವರೆಗೆ ಆ ಕಾರ್ಯವನ್ನು ಮುಂದುವರಿಸಿದರು. ೧೮೯೧ರಲ್ಲಿ ಸಭೆಯ ಸದಸ್ಯರನ್ನು ಚುನಾಯಿಸುವ ಹಕ್ಕು ಬಂದಿತು. ಅದೇ ವರ್ಷ ಉನ್ನತ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯೂ ಆರಂಭವಾಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಮೈಸೂರಿನ ಪುರಭವನಕ್ಕೆ ರಂಗಾಚಾರ್ಲು ಸ್ಮಾರಕವೆಂಬ ಹೆಸರಾಯಿತು. ಆದರೆ ಕಲ್ಲಿನ ಸ್ಮಾರಕಕ್ಕಿಂತ, ವರ್ಷವರ್ಷವೂ ದಿವಾನರು ಎದ್ದುನಿಂತು ಲೆಕ್ಕ ಹೇಳುವ ಆ ಪದ್ಧತಿಯೇ ಅವರ ನಿಜವಾದ ಸ್ಮಾರಕವಾಗಿ, ಸಂಸ್ಥಾನವು ಪ್ರಜಾರಾಜ್ಯದಲ್ಲಿ ಒಂದಾಗುವವರೆಗೂ ನಡೆದುಬಂದಿತು.

ಈ ಚರಿತ್ರೆಯಿಂದ ಗೃಹಸ್ಥ ಭಕ್ತರು ಗ್ರಹಿಸಬೇಕಾದುದು ಯಾವುದು? ದಿವಾನಗಿರಿ ಎಲ್ಲರಿಗೂ ಬರುವುದಿಲ್ಲ. ಆದರೆ ಹಲವರ ಹಣ ಕೈಯಲ್ಲಿ ಹಾಯದ ಮನುಷ್ಯರು ವಿರಳ. ಒಬ್ಬರು ಸಹಕಾರ ಸಂಘದ ಕಾರ್ಯದರ್ಶಿ, ಒಬ್ಬರು ಗ್ರಾಮಪಂಚಾಯಿತಿಯ ಸದಸ್ಯರು, ಒಬ್ಬರು ಜಾತ್ರೆಯ ದಾಸೋಹಕ್ಕೆ ಅಕ್ಕಿ ಬೇಳೆ ಕೂಡಿಸುವವರು, ಮತ್ತೊಬ್ಬರು ಅಣ್ಣತಮ್ಮಂದಿರ ಪಾಲಿನ ಹೊಲವನ್ನು ನೋಡಿಕೊಳ್ಳುವ ಹಿರಿಯರು. ಇವರೆಲ್ಲರೂ ಭಂಡಾರಿಗಳೇ. ಸಂಶಯ ಹುಟ್ಟಿ, ಜಗಳವಾಗಿ, ನಾಲ್ಕು ಜನ ಬಾಗಿಲಿಗೆ ಬಂದ ಮೇಲೆ ಪುಸ್ತಕ ತೆರೆಯುವುದು ಲೋಕರೂಢಿ. ಯಾರೂ ಕೇಳುವ ಮೊದಲೇ ಕರೆದು ಕೂಡಿಸಿ ತೋರಿಸುವುದು ಶರಣಮಾರ್ಗ. ಕಾಯಕದ ಶುದ್ಧಿಯಿಂದಲೇ ದಾಸೋಹದ ಶುದ್ಧಿ. ಲೆಕ್ಕವಿಲ್ಲದ ಹಣದಿಂದ ನಡೆದ ದಾಸೋಹ ಎಷ್ಟು ದೊಡ್ಡದಾದರೂ ಶಿವನಿಗೆ ಸಲ್ಲದು.